ಅಲನ್ ಫ್ರೀಡ್

ಅಲನ್ ಫ್ರೀಡ್ (ಡಿಸೆಂಬರ್ 15, 1921 – ಜನವರಿ 20, 1965) ಅಮೆರಿಕದ ಪ್ರಸಿದ್ಧ ರೇಡಿಯೋ ಡಿಸ್ಕ್ ಜಾಕಿ ಹಾಗೂ ಸಂಗೀತ ಕಾರ್ಯಕ್ರಮಗಳ ಸಂಘಟಕರು. ಕೇಳುಗರ ಅಭಿರುಚಿಯನ್ನು ಅರಿತು ಧ್ವನಿಮುದ್ರಿಕೆಗಳನ್ನು ಆಯ್ದು ಪ್ರಸಾರ ಮಾಡುತ್ತಿದ್ದ ಇವರು 'ರಾಕ್ ಅಂಡ್ ರೋಲ್' ಎಂಬ ಹೆಸರನ್ನು ಜನಪ್ರಿಯಗೊಳಿಸಿದರು.

ಆರಂಭಿಕ ಜೀವನ

ಫ್ರೀಡ್ ಅವರು ಪೆನ್ಸಿಲ್ವೇನಿಯಾ ರಾಜ್ಯದ ವಿಂಡ್‌ಬರ್ ಪಟ್ಟಣದಲ್ಲಿ ಜನಿಸಿದರು. 1933ರಲ್ಲಿ ಇವರ ಕುಟುಂಬವು ಒಹಾಯೊ ರಾಜ್ಯದ ಸೇಲಂನಲ್ಲಿ ನೆಲೆಸಿತು. ಪ್ರೌಢಶಾಲೆಯಲ್ಲಿದ್ದಾಗ ವಾದ್ಯವೃಂದವೊಂದರಲ್ಲಿ ಟ್ರೊಂಬೋನ್ ನುಡಿಸುತ್ತಿದ್ದರು. 1940ರ ದಶಕದಲ್ಲಿ ರೇಡಿಯೋ ವೃತ್ತಿಗೆ ಬಂದು, ಏಕ್ರನ್ ನಗರದಲ್ಲಿ ಜನಪ್ರಿಯರಾದರು.

ಕ್ಲೀವ್‌ಲ್ಯಾಂಡ್‌ನ ದಿನಗಳು

ಕ್ಲೀವ್‌ಲ್ಯಾಂಡ್‌ನಲ್ಲಿ ಧ್ವನಿಮುದ್ರಿಕೆಗಳ ಅಂಗಡಿ ನಡೆಸುತ್ತಿದ್ದ ಲಿಯೋ ಮಿಂಟ್ಜ್ ಅವರು, ತರುಣರು ಕಪ್ಪು ಜನಾಂಗದ ಕಲಾವಿದರ 'ರಿದಮ್ ಅಂಡ್ ಬ್ಲೂಸ್' ಮುದ್ರಿಕೆಗಳನ್ನು ಆಸಕ್ತಿಯಿಂದ ಕೊಳ್ಳುತ್ತಿರುವುದನ್ನು ಗಮನಿಸಿ ಫ್ರೀಡ್ ಅವರಿಗೆ ತಿಳಿಸಿದರು. ಅದರ ಫಲವಾಗಿ 1951ರಲ್ಲಿ ಡಬ್ಲ್ಯುಜೆಡಬ್ಲ್ಯು ಕೇಂದ್ರದಿಂದ ರಾತ್ರಿ ವೇಳೆಯ 'ಮೂನ್‌ಡಾಗ್' ಕಾರ್ಯಕ್ರಮ ಆರಂಭವಾಯಿತು. ಹಾಡು ಪ್ರಸಾರವಾಗುತ್ತಿರುವಾಗ ಫ್ರೀಡ್ ಅವರು ಮೈಕಿನ ಮುಂದೆ ದೂರವಾಣಿ ಡೈರೆಕ್ಟರಿಯನ್ನು ತಟ್ಟುತ್ತ ತಾಳ ಹಾಕುತ್ತಿದ್ದರು. 1952ರ ಮಾರ್ಚ್ 21ರಂದು ಇವರು ಏರ್ಪಡಿಸಿದ ಸಂಗೀತ ಕಾರ್ಯಕ್ರಮಕ್ಕೆ ಸಭಾಂಗಣದ ಸಾಮರ್ಥ್ಯವನ್ನು ಮೀರಿ ಜನ ನುಗ್ಗಿದ್ದರಿಂದ ಅದನ್ನು ಆರಂಭದಲ್ಲಿಯೇ ನಿಲ್ಲಿಸಬೇಕಾಯಿತು. ಇದನ್ನು ಮೊದಲ ರಾಕ್ ಅಂಡ್ ರೋಲ್ ಕಛೇರಿಯೆಂದು ಪರಿಗಣಿಸಲಾಗುತ್ತದೆ.

ನ್ಯೂಯಾರ್ಕ್

1954ರಲ್ಲಿ ಫ್ರೀಡ್ ಅವರು ನ್ಯೂಯಾರ್ಕಿನ ವಿನ್ಸ್ ಕೇಂದ್ರವನ್ನು ಸೇರಿದರು. ಆ ಕಾಲದಲ್ಲಿ ಕಪ್ಪು ಗಾಯಕರ ಹಾಡುಗಳನ್ನು ಬಿಳಿಯ ಗಾಯಕರಿಂದ ಮತ್ತೆ ಹಾಡಿಸಿ ಪ್ರಸಾರ ಮಾಡುವ ರೂಢಿಯಿತ್ತು. ಫ್ರೀಡ್ ಮಾತ್ರ ಮೂಲ ಮುದ್ರಿಕೆಗಳಿಗೇ ಆದ್ಯತೆ ನೀಡಿದರು. ವರ್ಣಭೇದ ಪ್ರಬಲವಾಗಿದ್ದ ದಿನಗಳಲ್ಲಿ ಇವರ ಕಛೇರಿಗಳಿಗೆ ಎರಡೂ ಜನಾಂಗಗಳ ತರುಣರು ಒಟ್ಟಿಗೆ ಬರುತ್ತಿದ್ದರು. 1957ರಲ್ಲಿ ಇವರ ದೂರದರ್ಶನ ಕಾರ್ಯಕ್ರಮವೊಂದರಲ್ಲಿ ಕಪ್ಪು ಗಾಯಕ ಫ್ರ್ಯಾಂಕಿ ಲೈಮನ್ ಬಿಳಿಯ ಹುಡುಗಿಯೊಡನೆ ನರ್ತಿಸಿದ್ದು ವಿವಾದವಾಗಿ, ಕೆಲವೇ ಕಂತುಗಳ ನಂತರ ಆ ಕಾರ್ಯಕ್ರಮ ನಿಂತುಹೋಯಿತು.

ಪೆಯೋಲಾ ಪ್ರಕರಣ

ಮುದ್ರಿಕೆಗಳ ಪ್ರಸಾರಕ್ಕಾಗಿ ಕಂಪನಿಗಳು ಡಿಸ್ಕ್ ಜಾಕಿಗಳಿಗೆ ಗುಟ್ಟಾಗಿ ಹಣ ನೀಡುವುದನ್ನು 'ಪೆಯೋಲಾ' ಎನ್ನುತ್ತಾರೆ. ಹಾಡಿನ ಆಯ್ಕೆ ಕೇಳುಗರಿಗಾಗಿ ನಡೆಯುತ್ತದೆಯೋ ಹಣಕ್ಕಾಗಿಯೋ ಎಂಬ ಪ್ರಶ್ನೆಯನ್ನು ಇದು ಎತ್ತಿತು. 1959ರಲ್ಲಿ, ತಾವು ಅಂತಹ ಹಣ ಪಡೆದಿಲ್ಲವೆಂಬ ಹೇಳಿಕೆಗೆ ಸಹಿ ಹಾಕಲು ಫ್ರೀಡ್ ನಿರಾಕರಿಸಿದ್ದರಿಂದ ಡಬ್ಲ್ಯುಎಬಿಸಿ ಕೇಂದ್ರವು ಅವರನ್ನು ಕೆಲಸದಿಂದ ತೆಗೆಯಿತು. ಚಕ್ ಬೆರ್ರಿಯವರ 'ಮೇಬೆಲೀನ್' ಹಾಡಿನ ರಚನಕಾರರ ಪಟ್ಟಿಯಲ್ಲಿ ಫ್ರೀಡ್ ಅವರ ಹೆಸರು ಸೇರಿದ್ದುದೂ ಟೀಕೆಗೆ ಗುರಿಯಾಗಿದೆ. 1962ರಲ್ಲಿ ತಪ್ಪೊಪ್ಪಿಕೊಂಡ ಇವರಿಗೆ 300 ಡಾಲರ್ ದಂಡ ವಿಧಿಸಲಾಯಿತು.

ನಿಧನ ಮತ್ತು ಗೌರವ

ವೃತ್ತಿಯಲ್ಲಿ ಮತ್ತೆ ಮೊದಲಿನ ಸ್ಥಾನ ದೊರೆಯಲಿಲ್ಲ. ಕ್ಯಾಲಿಫೋರ್ನಿಯಾದ ಪಾಮ್ ಸ್ಪ್ರಿಂಗ್ಸ್‌ನಲ್ಲಿ 43ನೆಯ ವಯಸ್ಸಿನಲ್ಲಿ ಫ್ರೀಡ್ ನಿಧನರಾದರು. 1986ರಲ್ಲಿ 'ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್' ಗೌರವಕ್ಕೆ ಪಾತ್ರರಾದ ಮೊದಲ ತಂಡದಲ್ಲಿ ಇವರೂ ಒಬ್ಬರು. ಆ ಸಂಸ್ಥೆಯ ವಸ್ತುಸಂಗ್ರಹಾಲಯವು ಇವರ ಕಾರ್ಯಕ್ಷೇತ್ರವಾಗಿದ್ದ ಕ್ಲೀವ್‌ಲ್ಯಾಂಡ್‌ನಲ್ಲಿಯೇ ಇದೆ.