ಹಾರ್ವೆ ವಾಷಿಂಗ್ಟನ್ ವೈಲಿ

ಹಾರ್ವೆ ವಾಷಿಂಗ್ಟನ್ ವೈಲಿ (18 ಅಕ್ಟೋಬರ್ 1844 – 30 ಜೂನ್ 1930) ಅಮೆರಿಕದ ರಸಾಯನಶಾಸ್ತ್ರಜ್ಞ ಹಾಗೂ ವೈದ್ಯ. 1906ರ ಶುದ್ಧ ಆಹಾರ ಮತ್ತು ಔಷಧ ಕಾಯಿದೆಯ ಹಿಂದಿನ ಪ್ರಮುಖ ಶಕ್ತಿ ಇವರೇ. ಆಹಾರಕ್ಕೆ ಬೆರೆಸಬಹುದಾದ ಕೃತಕ ಬಣ್ಣಗಳನ್ನು ಸರ್ಕಾರವೇ ಹೆಸರಿಸಿ ಪಟ್ಟಿ ಮಾಡುವ ಕ್ರಮ ಅಮೆರಿಕದಲ್ಲಿ ಇವರ ಅಧಿಕಾರಾವಧಿಯಲ್ಲಿ ಆರಂಭವಾಯಿತು. ಭಾರತದ ಆಹಾರ ಕಾನೂನು ಕೂಡ ಇಂಥದೇ ಪಟ್ಟಿಯನ್ನು ಆಧರಿಸಿದೆ.

ಆರಂಭಿಕ ಜೀವನ

ವೈಲಿಯವರು ಇಂಡಿಯಾನಾ ರಾಜ್ಯದ ಕೆಂಟ್ ಎಂಬ ಊರಿನ ಬಳಿ ರೈತ ಕುಟುಂಬದಲ್ಲಿ ಜನಿಸಿದರು. ಹ್ಯಾನೋವರ್ ಕಾಲೇಜಿನಲ್ಲಿ ಓದುತ್ತಿದ್ದಾಗ ಅಂತರ್ಯುದ್ಧದಲ್ಲಿ ಕೆಲಕಾಲ ಸೈನಿಕರಾಗಿದ್ದರು. 1871ರಲ್ಲಿ ವೈದ್ಯಕೀಯ ಪದವಿಯನ್ನೂ 1873ರಲ್ಲಿ ಹಾರ್ವರ್ಡ್‌ನಿಂದ ವಿಜ್ಞಾನ ಪದವಿಯನ್ನೂ ಪಡೆದು, ಮರುವರ್ಷ ಪರ್ಡ್ಯೂ ವಿಶ್ವವಿದ್ಯಾಲಯದ ಮೊದಲ ರಸಾಯನಶಾಸ್ತ್ರ ಪ್ರಾಧ್ಯಾಪಕರಾದರು.

1878ರಲ್ಲಿ ಅವರು ಜರ್ಮನಿಗೆ ತೆರಳಿ, ಬರ್ಲಿನ್‌ನಲ್ಲಿ ಆಗಸ್ಟ್ ವಿಲ್ಹೆಲ್ಮ್ ಫಾನ್ ಹಾಫ್‌ಮನ್ ಅವರ ಉಪನ್ಯಾಸಗಳನ್ನು ಕೇಳಿದರು. ಕೃತಕ ಬಣ್ಣಗಳ ಕಥೆ ಹಾಫ್‌ಮನ್ನರ ಶಿಷ್ಯವರ್ಗದಿಂದಲೇ ಹೊರಟದ್ದು ಎಂಬುದು ಇಲ್ಲಿ ಗಮನಾರ್ಹ. 1856ರಲ್ಲಿ ಲಂಡನ್‌ನಲ್ಲಿ ಅವರ ಸಹಾಯಕನಾಗಿದ್ದ ಹದಿನೆಂಟರ ಹರೆಯದ ವಿಲಿಯಂ ಹೆನ್ರಿ ಪರ್ಕಿನ್, ಮಲೇರಿಯಾದ ಔಷಧವಾದ ಕ್ವಿನೈನನ್ನು ಕೃತಕವಾಗಿ ತಯಾರಿಸಲು ಹೊರಟು, ಕಲ್ಲಿದ್ದಲ ಡಾಂಬರಿನಿಂದ ದೊರೆಯುವ ಅನಿಲೀನ್‌ನಿಂದ ಆಕಸ್ಮಿಕವಾಗಿ ನೇರಳೆ ಬಣ್ಣವೊಂದನ್ನು ಪಡೆದಿದ್ದನು. ಬಟ್ಟೆಗೆಂದು ಹುಟ್ಟಿದ ಇಂತಹ ಬಣ್ಣಗಳು ಕೆಲವೇ ದಶಕಗಳಲ್ಲಿ ಮಿಠಾಯಿ, ಬೆಣ್ಣೆ, ಪಾನಕಗಳೊಳಗೂ ಸೇರಿದವು. ಅಗ್ಗದ ಬೆಲೆ ಮತ್ತು ಗಾಢತೆ ಇದಕ್ಕೆ ಕಾರಣ; ಚಿಟಿಕೆ ಪುಡಿ ದೊಡ್ಡ ಪಾತ್ರೆಗೆ ಸಾಕಾಗುತ್ತಿತ್ತು.

ವಿಷದ ಪಂಕ್ತಿ

1883ರಲ್ಲಿ ವೈಲಿಯವರು ಅಮೆರಿಕ ಕೃಷಿ ಇಲಾಖೆಯ ಮುಖ್ಯ ರಸಾಯನಶಾಸ್ತ್ರಜ್ಞರಾದರು. ಜೇನುತುಪ್ಪ, ಮಸಾಲೆ, ಹಾಲು, ಕಾಫಿ ಮುಂತಾದವುಗಳ ಕಲಬೆರಕೆಯ ಕುರಿತು ಅವರ ಪ್ರಯೋಗಾಲಯ ವರ್ಷಗಟ್ಟಲೆ ವರದಿಗಳನ್ನು ಹೊರತಂದಿತು. ಆದರೂ ಶಾಸನಸಭೆಯಲ್ಲಿ ಮಸೂದೆಗಳು ಒಂದರ ಹಿಂದೊಂದು ಬಿದ್ದುಹೋದವು. ಬೆರೆಸಿದ ವಸ್ತು ಹಾನಿಕರ ಎಂಬುದಕ್ಕೆ ಪುರಾವೆ ಎಲ್ಲಿ ಎಂಬುದು ತಯಾರಕರ ವಾದವಾಗಿತ್ತು.

ಈ ಪುರಾವೆಗಾಗಿ 1902ರಲ್ಲಿ ವೈಲಿಯವರು ಹನ್ನೆರಡು ಮಂದಿ ಆರೋಗ್ಯವಂತ ಯುವಕರನ್ನು ಆರಿಸಿ, ಇಲಾಖೆಯ ಕಟ್ಟಡದ ನೆಲಮಾಳಿಗೆಯಲ್ಲಿ ಅವರಿಗೆ ನಿತ್ಯ ಊಟದ ಏರ್ಪಾಡು ಮಾಡಿದರು. ಊಟ ಉಚಿತ, ಆದರೆ ಅದರೊಂದಿಗೆ ತೂಕಮಾಡಿದ ಬಿಳಿಗಾರ, ಸ್ಯಾಲಿಸಿಲಿಕ್ ಆಮ್ಲ, ಬೆಂಜೋಯಿಕ್ ಆಮ್ಲ, ಫಾರ್ಮಾಲ್ಡಿಹೈಡ್ ಮೊದಲಾದ ಸಂರಕ್ಷಕಗಳನ್ನು ಸರದಿಯಂತೆ ಸೇವಿಸಬೇಕಿತ್ತು. ಡಬ್ಬಿಯ ಬಟಾಣಿಯನ್ನು ಹಸಿರಾಗಿ ಕಾಣಿಸಲು ಬಳಸುತ್ತಿದ್ದ ಮೈಲುತುತ್ತವೂ ಪರೀಕ್ಷೆಗೆ ಒಳಪಟ್ಟಿತು. ಪತ್ರಿಕೆಗಳು ಈ ಯುವಕರಿಗೆ ‘ವಿಷದ ದಳ’ ಎಂದು ಹೆಸರಿಟ್ಟವು. ಹಲವರಿಗೆ ಹೊಟ್ಟೆನೋವು, ತಲೆನೋವು, ಹಸಿವಿಲ್ಲದಿರುವಿಕೆ ಕಾಣಿಸಿಕೊಂಡವು. ಇಂದಿನ ಮಾನದಂಡದಲ್ಲಿ ಈ ಪ್ರಯೋಗ ದುರ್ಬಲವಾದದ್ದು. ಭಾಗವಹಿಸಿದವರು ಕಡಿಮೆ, ಹೋಲಿಕೆಗೆ ಪ್ರತ್ಯೇಕ ಗುಂಪಿರಲಿಲ್ಲ, ಒಪ್ಪಿಗೆ ಪಡೆದಿದ್ದರೂ ಇಂತಹ ಪರೀಕ್ಷೆ ಈಗ ಅನುಮತಿಗೆ ಅರ್ಹವಾಗದು. ಆದರೆ ಜನಾಭಿಪ್ರಾಯವನ್ನು ತಿರುಗಿಸಿದ್ದರಲ್ಲಿ ಇದರ ಪಾತ್ರ ದೊಡ್ಡದು.

1906ರ ಜೂನ್ 30ರಂದು ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಕಾಯಿದೆಗೆ ಸಹಿಹಾಕಿದರು. ಮಿಠಾಯಿಗಳಲ್ಲಿ ವಿಷಕಾರಿ ಬಣ್ಣವನ್ನೂ, ಕೆಟ್ಟ ಅಥವಾ ಕೀಳುದರ್ಜೆಯ ಆಹಾರವನ್ನು ಮರೆಮಾಚುವಂತೆ ಬಣ್ಣ ಹಚ್ಚುವುದನ್ನೂ ಅದು ನಿಷೇಧಿಸಿತು.

ಏಳು ಬಣ್ಣಗಳು

ಯಾವ ಬಣ್ಣ ವಿಷಕಾರಿ ಎಂಬ ಪ್ರಶ್ನೆ ಹಾಗೆಯೇ ಉಳಿದಿತ್ತು. ಅಂದಿನ ಅಮೆರಿಕದ ಮಾರುಕಟ್ಟೆಯಲ್ಲಿ ಆಹಾರಕ್ಕೆಂದು ಸುಮಾರು 80 ಡಾಂಬರು ಬಣ್ಣಗಳು ಮಾರಾಟವಾಗುತ್ತಿದ್ದವು. ಇವುಗಳ ಪರಿಶೀಲನೆಯನ್ನು ವೈಲಿಯವರ ಇಲಾಖೆ ಬರ್ನ್‌ಹಾರ್ಡ್ ಹೆಸ್ಸೆ ಎಂಬ ಬಣ್ಣತಜ್ಞರಿಗೆ ವಹಿಸಿತು. 1907ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಉಳಿದವು ಏಳು ಮಾತ್ರ: ಅಮರಾಂತ್, ಪಾನ್ಸೋ 3ಆರ್, ಆರೆಂಜ್ 1, ಎರಿಥ್ರೋಸಿನ್, ನಾಫ್ತಾಲ್ ಯೆಲ್ಲೋ ಎಸ್, ಲೈಟ್ ಗ್ರೀನ್ ಎಸ್‌ಎಫ್ ಮತ್ತು ಇಂಡಿಗೊ ಕಾರ್ಮೈನ್. ಎಲ್ಲವನ್ನೂ ಬಿಟ್ಟು ಹಾನಿಕರವಾದವನ್ನು ಮಾತ್ರ ತಡೆಯುವುದರ ಬದಲು, ಎಲ್ಲವನ್ನೂ ತಡೆದು ಪರಿಶೀಲಿಸಿದವನ್ನಷ್ಟೇ ಬಿಡುವುದು ಇದರ ತತ್ತ್ವ. ಬಣ್ಣದ ಪ್ರತಿ ತಂಡವನ್ನೂ ಪರೀಕ್ಷಿಸಿ ಪ್ರಮಾಣಪತ್ರ ನೀಡುವ ವ್ಯವಸ್ಥೆಯೂ ಬಂದಿತು. 1938ರ ಕಾಯಿದೆಯವರೆಗೆ ಅದು ಕಡ್ಡಾಯವಾಗಿರಲಿಲ್ಲ.

ಈ ಪಟ್ಟಿಯೂ ಕೊನೆಯ ಮಾತಾಗಲಿಲ್ಲ. 1950ರಲ್ಲಿ ಹ್ಯಾಲೋವೀನ್ ಹಬ್ಬದ ಮಿಠಾಯಿ ತಿಂದು ಅನೇಕ ಮಕ್ಕಳು ಅಸ್ವಸ್ಥರಾದರು; ಅದರಲ್ಲಿದ್ದುದು ಆರೆಂಜ್ 1. ಅಮರಾಂತ್ 1976ರಲ್ಲಿ ನಿಷೇಧಕ್ಕೊಳಗಾಯಿತು.

ರಾಜೀನಾಮೆ ಮತ್ತು ಕೊನೆಯ ವರ್ಷಗಳು

ವೈಲಿಯವರದು ರಾಜಿಗೆ ಒಗ್ಗದ ಸ್ವಭಾವ. ಸ್ಯಾಕರಿನ್ ಹಾನಿಕರವೆಂದು ಅಧ್ಯಕ್ಷರ ಎದುರೇ ವಾದಿಸಿ, ಅದನ್ನು ನಿತ್ಯ ಸೇವಿಸುತ್ತಿದ್ದ ರೂಸ್‌ವೆಲ್ಟ್ ಅವರ ಅಸಮಾಧಾನಕ್ಕೆ ಗುರಿಯಾದರು. ಅವರ ತೀರ್ಮಾನಗಳನ್ನು ಮರುಪರಿಶೀಲಿಸಲು 1908ರಲ್ಲಿ ನೇಮಕವಾದ ತಜ್ಞ ಮಂಡಳಿಯ ಮುಖ್ಯಸ್ಥರು ಐರಾ ರೆಮ್ಸೆನ್. ಸ್ಯಾಕರಿನ್ ಪತ್ತೆಯಾದದ್ದು ಅವರದೇ ಪ್ರಯೋಗಾಲಯದಲ್ಲಿ. 1911ರಲ್ಲಿ ಕೋಕಾ-ಕೋಲಾದ ಕೆಫೀನ್ ಕುರಿತ ಮೊಕದ್ದಮೆಯಲ್ಲೂ ಸರ್ಕಾರಕ್ಕೆ ಹಿನ್ನಡೆಯಾಯಿತು. 1912ರ ಮಾರ್ಚ್‌ನಲ್ಲಿ ವೈಲಿಯವರು ಹುದ್ದೆ ತೊರೆದು, ಗುಡ್ ಹೌಸ್‌ಕೀಪಿಂಗ್ ಪತ್ರಿಕೆಯ ಪ್ರಯೋಗಾಲಯದ ಹೊಣೆ ವಹಿಸಿಕೊಂಡರು. ಪತ್ನಿ ಅನ್ನಾ ಕೆಲ್ಟನ್ ಮಹಿಳಾ ಮತದಾನದ ಹಕ್ಕಿಗಾಗಿ ಹೋರಾಡಿದವರು. ಕಾಯಿದೆಗೆ ಸಹಿಯಾದ ದಿನಕ್ಕೆ ಸರಿಯಾಗಿ 24 ವರ್ಷಗಳ ನಂತರ ವೈಲಿಯವರು ನಿಧನರಾದರು.

ಭಾರತ ಮತ್ತು ಕರ್ನಾಟಕದಲ್ಲಿ

ಭಾರತದಲ್ಲಿ ಆಹಾರ ಕಲಬೆರಕೆ ತಡೆ ಕಾಯಿದೆ 1954ರಲ್ಲಿ ಬಂದಿತು. ಅದರ ಸ್ಥಾನವನ್ನು ಈಗ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಪಡೆದಿದೆ. ಇಲ್ಲಿಯ ಪಟ್ಟಿಯಲ್ಲಿರುವ ಕೃತಕ ಬಣ್ಣಗಳು ಎಂಟು. ಅವನ್ನೂ ಐಸ್‌ಕ್ರೀಂ, ಬಿಸ್ಕತ್ತು, ಸಿಹಿತಿಂಡಿಗಳಂತಹ ನಿಗದಿತ ಆಹಾರಗಳಲ್ಲಿ, ಬಹುಮಟ್ಟಿಗೆ ಕಿಲೋಗೆ 100 ಮಿಲಿಗ್ರಾಂ ಮೀರದಂತೆ ಬಳಸಬೇಕು. ಪಟ್ಟಿಯಲ್ಲಿರುವ ಬಣ್ಣವಾದರೂ ಎಲ್ಲ ತಿನಿಸಿಗೂ ಸಲ್ಲುವುದಿಲ್ಲ ಎಂಬ ಅಂಶ ಸಾಮಾನ್ಯವಾಗಿ ಮರೆತುಹೋಗುತ್ತದೆ.

2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷಿಸಿದಾಗ 107 ಅಸುರಕ್ಷಿತವೆಂದು ಕಂಡುಬಂದವು. ಬಾಂಬೆ ಮಿಠಾಯಿಯ 25ರಲ್ಲಿ 15. ಮಿಠಾಯಿಯಲ್ಲಿ ಪತ್ತೆಯಾದ ರೋಡಮಿನ್-ಬಿ ಬಟ್ಟೆ, ಕಾಗದಗಳಿಗೆ ಹಾಕುವ ಗುಲಾಬಿ ಬಣ್ಣ. ಅದು ಎಂಟರ ಪಟ್ಟಿಯಲ್ಲಿಲ್ಲ. ಗೋಬಿಯಲ್ಲಿ ದೊರೆತ ಟಾರ್ಟ್ರಜಿನ್ ಮತ್ತು ಸನ್‌ಸೆಟ್ ಯೆಲ್ಲೋ ಪಟ್ಟಿಯಲ್ಲಿವೆ, ಆದರೆ ಆ ತಿನಿಸಿಗೆ ಅವುಗಳ ಬಳಕೆಗೆ ಅವಕಾಶವಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಕಬಾಬಿನ 39 ಮಾದರಿಗಳಲ್ಲಿ 8 ಅಸುರಕ್ಷಿತವೆಂದು ತಿಳಿದು, ಕೃತಕ ಬಣ್ಣದ ನಿಷೇಧ ಅದಕ್ಕೂ ವಿಸ್ತರಿಸಿತು. ಬೆಂಗಳೂರು ದಂಡು ಪ್ರದೇಶದ ಶಿವಾಜಿನಗರ, ಫ್ರೇಜರ್ ಟೌನ್‌ಗಳಲ್ಲಿ ಕಬಾಬ್ ಸಂಜೆಯ ನಿತ್ಯದ ತಿನಿಸಾಗಿದ್ದು, ಅದರ ಕೆಂಪು ಬಣ್ಣವನ್ನೇ ಗ್ರಾಹಕರು ರುಚಿಯ ಗುರುತಾಗಿ ನೋಡುವುದುಂಟು. ಖಾರ ಕಡಿಮೆಯಿದ್ದು ಕೆಂಪು ಹೆಚ್ಚಿರುವ ಬ್ಯಾಡಗಿ ಮೆಣಸಿನಕಾಯಿ ಹಾವೇರಿ ಜಿಲ್ಲೆಯ ಮಾರುಕಟ್ಟೆಯಲ್ಲೇ ದೊರೆಯುತ್ತದೆ; ಬಣ್ಣದ ಪುಡಿಗಿಂತ ಅದು ದುಬಾರಿ.

ವೈಲಿಯವರ ಕಾಲದ ಏಳರಲ್ಲಿ ಒಂದಾದ ಎರಿಥ್ರೋಸಿನ್‌ಗೆ ಆಹಾರದಲ್ಲಿ ನೀಡಿದ್ದ ಅನುಮತಿಯನ್ನು ಅಮೆರಿಕ 2025ರ ಜನವರಿಯಲ್ಲಿ ಹಿಂತೆಗೆದುಕೊಂಡಿತು. ಭಾರತದ ಎಂಟರ ಪಟ್ಟಿಯಲ್ಲಿ ಎರಿಥ್ರೋಸಿನ್ ಕೂಡ ಒಂದು.