ಮೂಸಿ ನದಿಯ ಲೆಕ್ಕ

ಸರ್ ಎಂ. ವಿಶ್ವೇಶ್ವರಯ್ಯ ಎಂದ ಕೂಡಲೇ ನಮಗೆಲ್ಲ ನೆನಪಾಗೋದು ಕನ್ನಂಬಾಡಿ ಕಟ್ಟೆ. ಕನ್ನಡ ಶಾಲೆಯಲ್ಲಿ ನಾನೂ ಅಷ್ಟೇ ಓದಿದ್ದೆ. ಹೈದರಾಬಾದಿಗೆ ಬಂದ ಮೇಲೆಯೇ ಈ ಊರಿನ ಮೇಲೂ ಅವರ ಋಣ ಇದೆ ಅಂತ ತಿಳಿದದ್ದು.

ಮುದ್ದೇನಹಳ್ಳಿಯ ಹುಡುಗ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಓದಿದರು. ಪುಣೆಯಲ್ಲಿ ಇಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬಯಿ ಸರ್ಕಾರದ ನೌಕರಿಗೆ ಸೇರಿದರು. 1903ರಲ್ಲಿ ಪುಣೆ ಹತ್ತಿರದ ಖಡಕ್ವಾಸ್ಲಾ ಅಣೆಕಟ್ಟಿಗೆ ಅವರು ಕಂಡುಹಿಡಿದ ಬಾಗಿಲುಗಳನ್ನು ಕೂರಿಸಿದರು. ನೀರು ಮಟ್ಟ ಮೀರಿದರೆ ತಾವಾಗಿಯೇ ತೆರೆದುಕೊಳ್ಳುವ, ಇಳಿದರೆ ತಾವಾಗಿಯೇ ಮುಚ್ಚಿಕೊಳ್ಳುವ ಬಾಗಿಲುಗಳು ಅವು. ನಡುರಾತ್ರಿ ಪ್ರವಾಹ ಬಂದರೂ ಯಾರೂ ಓಡಿಹೋಗಿ ತೆರೆಯಬೇಕಾಗಿರಲಿಲ್ಲ.

1908ರ ಸೆಪ್ಟೆಂಬರ್ 28. ಮೂಸಿ ನದಿ ಉಕ್ಕಿ ಹೈದರಾಬಾದಿಗೆ ನುಗ್ಗಿತು. ಸತ್ತವರು ಸುಮಾರು 15,000 ಎಂದು ಅಂದಾಜು. ಅಫ್ಜಲ್‌ಗಂಜಿನ ಒಂದು ಹುಣಸೆಮರ ಹತ್ತಿ 150 ಜನ ಜೀವ ಉಳಿಸಿಕೊಂಡರು ಅಂತ ಊರವರು ಈಗಲೂ ಹೇಳ್ತಾರೆ.

ನಿಜಾಮರ ಸರ್ಕಾರ ಕರೆದಾಗ ವಿಶ್ವೇಶ್ವರಯ್ಯನವರು ವಿದೇಶ ಪ್ರವಾಸದಲ್ಲಿದ್ದರು. 1909ರಲ್ಲಿ ಇಲ್ಲಿಗೆ ಬಂದರು. ಬಂದವರು ಮೊದಲು ಗೋಡೆ ಕಟ್ಟಿಸಲಿಲ್ಲ, ಲೆಕ್ಕ ಹಾಕಿದರು. ಎಲ್ಲೆಲ್ಲಿ ಎಷ್ಟು ಮಳೆ ಬಿತ್ತು, ಮೇಲ್ಗಡೆ ಎಷ್ಟು ಕೆರೆ ಒಡೆದವು ಎಂಬುದನ್ನೆಲ್ಲ ಕಲೆಹಾಕಿದರು. ಇನ್ನೂರಕ್ಕೂ ಹೆಚ್ಚು ಕೆರೆಗಳು ಒಡೆದಿದ್ದವು. ನೀರನ್ನು ಊರಿನಲ್ಲಿ ತಡೆಯೋದಕ್ಕಿಂತ ಊರಿನ ಮೇಲ್ಗಡೆಯೇ ಹಿಡಿದು ನಿಲ್ಲಿಸಬೇಕು ಎಂದು ತೀರ್ಮಾನಿಸಿದರು. ಮೂಸಿಗೊಂದು, ಅದರ ಉಪನದಿ ಈಸಿಗೊಂದು ಜಲಾಶಯ. ಪ್ರವಾಹಕ್ಕೆಂದೇ ಅದರಲ್ಲಿ ಜಾಗ ಖಾಲಿ ಬಿಟ್ಟಿರಬೇಕು.

ನಾನು ಕಾಮರ್ಸ್ ಓದುವವನು. ನಮ್ಮ ಪುಸ್ತಕದಲ್ಲಿ ರಿಸರ್ವ್ ಅಂತ ಬರುತ್ತದಲ್ಲ, ಆ ಖಾಲಿ ಜಾಗ ನನಗೆ ಹಾಗೇ ಕಾಣುತ್ತದೆ. ಒಳ್ಳೆಯ ದಿನದಲ್ಲಿ ದಂಡ ಅನ್ನಿಸುತ್ತದೆ, ಕೆಟ್ಟ ದಿನದಲ್ಲಿ ಅದೇ ಕಾಯುತ್ತದೆ.

ಅದೇ ವರ್ಷ ಅವರು ಮೈಸೂರಿಗೆ ಚೀಫ್ ಇಂಜಿನಿಯರ್ ಆಗಿ ಹೋದರು. 1912ರಿಂದ 1918ರವರೆಗೆ ದಿವಾನರಾಗಿದ್ದರು. ಇತ್ತ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. 1955ರಲ್ಲಿ ಭಾರತರತ್ನ ಬಂತು. ನೂರು ದಾಟಿ ಬಾಳಿ 1962ರಲ್ಲಿ ತೀರಿಕೊಂಡರು.

2020ರ ಅಕ್ಟೋಬರಿನಲ್ಲಿ ಇಲ್ಲಿ ಮತ್ತೆ ಮಹಾಮಳೆ ಸುರಿಯಿತು. ಉಪಗ್ರಹ, ರಾಡಾರ್ ಎಲ್ಲವೂ ಇದ್ದವು. ಆದರೂ ಕೆರೆಯಂಗಳದಲ್ಲಿ ಎದ್ದ ಬಡಾವಣೆಗಳು ಮುಳುಗಿದವು. ಯಾಕೆಂದರೆ ನೀರಿನ ಆ ಖಾಲಿ ಜಾಗವನ್ನು ನಾವು ಖರ್ಚು ಮಾಡಿಬಿಟ್ಟಿದ್ದೆವು. ಮಿತ್ರರೇ, ಗಂಡಿಪೇಟೆಗೆ ಪಿಕ್ನಿಕ್ ಹೋದಾಗ ಉಸ್ಮಾನ್ ಸಾಗರದ ಕಟ್ಟೆ ಮೇಲೆ ನಿಂತು ಇದನ್ನೊಮ್ಮೆ ಯೋಚಿಸೋಣ.