ಇಂಗ್ಲಿಷ್ ಮೇಷ್ಟ್ರು ಬಿ.ಎಂ.ಶ್ರೀ.

ಬಿ.ಎಂ. ಶ್ರೀಕಂಠಯ್ಯನವರ ಹೆಸರು ನಮಗೆಲ್ಲ ಗೊತ್ತಿರುವುದು ಕನ್ನಡ ಪಠ್ಯಪುಸ್ತಕದ ಕವಿಪರಿಚಯದಿಂದ. ಹುಟ್ಟಿದ ವರ್ಷ, ಊರು, ಕೃತಿಗಳು, ಬಿರುದು. ಎರಡು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಆದರೆ ಅವರು ಸಂಬಳಕ್ಕೆ ಪಾಠ ಹೇಳಿದ್ದು ಕನ್ನಡವನ್ನಲ್ಲ, ಇಂಗ್ಲಿಷನ್ನು. ಈ ಮಾತು ನನಗೆ ಈ ವರ್ಷ ಹೆಚ್ಚು ಮುಖ್ಯವಾಗಿ ಕಂಡಿತು. ಏಕೆಂದರೆ ನಮ್ಮಲ್ಲಿ ಹಲವರು ಹದಿನೆಂಟು ತುಂಬಿದ ಕೂಡಲೇ ಎಸ್.ಎಸ್.ಸಿ.ಯ ಸಿ.ಎಚ್.ಎಸ್.ಎಲ್. ಪರೀಕ್ಷೆ ಬರೆಯಬೇಕೆಂದು ಈಗಿನಿಂದಲೇ ಓದುತ್ತಿದ್ದೇವೆ. ಮನೆಯ ಸ್ಥಿತಿ ನೋಡಿದರೆ ಪಿಯುಸಿ ಮುಗಿಯುತ್ತಲೇ ಸಿಗಬಹುದಾದ ಕೇಂದ್ರ ಸರ್ಕಾರದ ಕೆಲಸ ನಮ್ಮಂಥವರಿಗೆ ಸಣ್ಣ ವಿಷಯವಲ್ಲ. ಈ ಪರೀಕ್ಷೆಯನ್ನು 2023ರಿಂದ ಕನ್ನಡದಲ್ಲೂ ಬರೆಯಬಹುದು. ಆದರೂ ಮೊದಲ ಹಂತದಲ್ಲಿ ಇಂಗ್ಲಿಷ್ ಭಾಗ ಇಂಗ್ಲಿಷ್ ಆಗಿಯೇ ಉಳಿದಿದೆ: 25 ಪ್ರಶ್ನೆ, 50 ಅಂಕ, ಪ್ರತಿ ತಪ್ಪಿಗೆ ಅರ್ಧ ಅಂಕ ಕಡಿತ. ಸಮಾನಾರ್ಥಕ ಪದ, ವಾಕ್ಯದಲ್ಲಿ ತಪ್ಪು ಹುಡುಕುವುದು, ನುಡಿಗಟ್ಟು. ಲೆಕ್ಕದಲ್ಲಿ ಗಟ್ಟಿಯಾಗಿರುವವರೂ ಇಲ್ಲಿ ಬಂದು ನಿಲ್ಲುತ್ತಾರೆ. ಅದಕ್ಕೇ ಇಂಗ್ಲಿಷ್ ಕಲಿತು, ಕಲಿಸಿ, ಅದರಿಂದ ಇಷ್ಟೆಲ್ಲ ಮಾಡಿದ ಒಬ್ಬರ ಜೀವನವನ್ನು ಬರೆಯೋಣ ಎನಿಸಿತು.

ಅವರು ನಮ್ಮ ಕಡೆಯವರೇ. ನಮ್ಮ ಅಮೃತೂರಿನಿಂದ ಯಡಿಯೂರಿಗೆ ಬಂದು ಹಾಸನದ ಹೆದ್ದಾರಿ ಹಿಡಿದರೆ ಬೆಳ್ಳೂರು ಕ್ರಾಸ್ ಸಿಗುತ್ತದೆ. ಆ ಬೆಳ್ಳೂರೇ ಅವರ ಹೆಸರಿನ ‘ಬಿ’. ‘ಎಂ’ ಎಂದರೆ ತಂದೆ ಮೈಲಾರಯ್ಯನವರು. ಹುಟ್ಟಿದ್ದು 1884ರ ಜನವರಿ 3ರಂದು, ತಾಯಿಯ ತವರಾದ ಸಂಪಿಗೆಯಲ್ಲಿ. ಸಂಪಿಗೆ ನಮ್ಮ ಕುಣಿಗಲ್ ತಾಲ್ಲೂಕಿಗೆ ಅಂಟಿಕೊಂಡಿರುವ ತುರುವೇಕೆರೆ ತಾಲ್ಲೂಕಿನ ಊರು. ತಂದೆ ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದರಿಂದ ಬಾಲ್ಯವೂ ಮೊದಲ ಓದೂ ಅಲ್ಲಿ. ಆಮೇಲೆ ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು. ಆಗ ಮೈಸೂರಿಗೆ ತನ್ನದೇ ವಿಶ್ವವಿದ್ಯಾಲಯ ಇರಲಿಲ್ಲ, ಪದವಿ ಪರೀಕ್ಷೆಗಳೆಲ್ಲ ಮದರಾಸು ವಿಶ್ವವಿದ್ಯಾಲಯದವು. ಶ್ರೀಕಂಠಯ್ಯನವರು ಕಾನೂನಿನ ಬಿ.ಎಲ್. ಮಾಡಿಕೊಂಡರು, ಎಂ.ಎ.ಯನ್ನೂ ಮುಗಿಸಿದರು. ತಂದೆಯ ಹಾಗೆ ವಕೀಲಿ ಹಿಡಿಯಬಹುದಿತ್ತು. ಹಿಡಿಯಲಿಲ್ಲ. 1909ರಲ್ಲಿ ಮಹಾರಾಜ ಕಾಲೇಜಿಗೆ ಇಂಗ್ಲಿಷ್ ಅಧ್ಯಾಪಕರಾಗಿ ಸೇರಿಕೊಂಡರು.

ಅಂದಿನ ಕಾಲವನ್ನು ಸ್ವಲ್ಪ ನೆನೆಯಬೇಕು. ಇಂಗ್ಲಿಷ್ ಓದಿದವರು ಮಾತು, ಪತ್ರ ಎಲ್ಲವನ್ನೂ ಇಂಗ್ಲಿಷಿನಲ್ಲೇ ನಡೆಸುತ್ತಿದ್ದರು. ಕನ್ನಡ ಅಡುಗೆಮನೆಗೆ, ಸಂತೆಗೆ ಸಾಕು ಎನ್ನುವ ಭಾವನೆ ಓದಿದವರಲ್ಲೇ ಇತ್ತು. ಇನ್ನೊಂದು ಕಡೆ ಕನ್ನಡ ಪಂಡಿತರು ಹಳಗನ್ನಡ ಬಿಟ್ಟು ಈಚೆಗೆ ಬರುತ್ತಿರಲಿಲ್ಲ. ಎರಡು ವರ್ಷದ ಅನುಭವವಿದ್ದ ಈ ಇಂಗ್ಲಿಷ್ ಮೇಷ್ಟ್ರು 1911ರಲ್ಲಿ ಧಾರವಾಡಕ್ಕೆ ಹೋಗಿ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆ ಎಂಬ ಉಪನ್ಯಾಸ ಕೊಟ್ಟರು. ವಯಸ್ಸು 27. ಕನ್ನಡಕ್ಕೆ ಹಳಗನ್ನಡವೂ ಬೇಕು, ಸಂಸ್ಕೃತವೂ ಬೇಕು, ಇಂಗ್ಲಿಷ್ ಸಾಹಿತ್ಯದ ಸಂಪರ್ಕವೂ ಬೇಕು. ಆದರೆ ಬರೆಯುವುದು ಜನ ಆಡುವ ಜೀವಂತ ಕನ್ನಡದಲ್ಲಿರಬೇಕು ಎನ್ನುವುದು ಅವರ ನಿಲುವಾಗಿತ್ತು. ಇಂಗ್ಲಿಷ್ ಬೇಡ ಎಂದು ಅವರು ಹೇಳಲಿಲ್ಲ, ಇದನ್ನು ಗಮನಿಸಬೇಕು. ಇಂಗ್ಲಿಷ್ ಬಂದರೆ ಕನ್ನಡ ಹೋಗುತ್ತದೆ, ಕನ್ನಡ ಇಟ್ಟುಕೊಂಡರೆ ಇಂಗ್ಲಿಷ್ ಬರುವುದಿಲ್ಲ ಎಂದು ನಾವು ಇಂದೂ ಕೇಳುತ್ತೇವೆ. ಅವರ ಬದುಕಿನಲ್ಲಿ ಆ ಜಗಳವೇ ಕಾಣುವುದಿಲ್ಲ.

ಅವರ ದೊಡ್ಡ ಕೆಲಸ ‘ಇಂಗ್ಲಿಷ್ ಗೀತಗಳು’. 1926ರಲ್ಲಿ ಪೂರ್ತಿಯಾಗಿ ಬಂದ ಈ ಪುಸ್ತಕದಲ್ಲಿ ಅರವತ್ತರಷ್ಟು ಕವಿತೆಗಳಿವೆ, ಹೆಚ್ಚಿನವು ಇಂಗ್ಲಿಷಿನಿಂದ ಬಂದವು. ಇದರಿಂದಲೇ ಹೊಸಗನ್ನಡ ಕವಿತೆ ದಾರಿ ಹಿಡಿಯಿತು, ಸಾಲುಸಾಲಿಗೂ ಎರಡನೆಯ ಅಕ್ಷರದ ಪ್ರಾಸ ಇರಲೇಬೇಕೆಂಬ ಕಟ್ಟು ಸಡಿಲವಾಯಿತು ಎಂದು ಕನ್ನಡ ಪಾಠದಲ್ಲಿ ಓದಿದ್ದೇವೆ. ನಾನು ನೋಡಿದ್ದು ಬೇರೆ ಕಣ್ಣಿನಿಂದ. ಥಾಮಸ್ ಕ್ಯಾಂಬೆಲ್ ಎಂಬ ಸ್ಕಾಟ್ಲೆಂಡಿನ ಕವಿ ಬರೆದ, ಲಾರ್ಡ್ ಅಲ್ಲಿನ್ ಎಂಬುವನ ಮಗಳ ಕಥೆಯ ಪದ್ಯವಿದೆ. ಪ್ರೀತಿಸಿದವನ ಜೊತೆ ಮನೆ ಬಿಟ್ಟು ಓಡಿಬಂದ ಹುಡುಗಿ, ಬಿರುಗಾಳಿ, ದೋಣಿ, ಹಿಂದೆ ಅಟ್ಟಿಕೊಂಡು ಬರುವ ತಂದೆ. ಬಿ.ಎಂ.ಶ್ರೀ. ಅದನ್ನು ‘ಕಾರಿಹೆಗ್ಗಡೆಯ ಮಗಳು’ ಮಾಡಿದರು. ಇಂಗ್ಲಿಷಿನ ಲಾರ್ಡ್ ಇಲ್ಲಿ ಹೆಗ್ಗಡೆ. ಗುಡ್ಡಗಾಡಿನ ಚೀಫ್ಟನ್ ಇಲ್ಲಿ ಗೌಡ. ದೋಣಿಯವನು ತೊರೆಯ. ಅವನಿಗೆ ಕೊಡುವ ಬೆಳ್ಳಿ ಪೌಂಡು ಹೊನ್ನಾಯಿತು. ಲಾರ್ಡ್ ಎಂಬ ಪದಕ್ಕೆ ಡಿಕ್ಷನರಿಯಲ್ಲಿ ಪ್ರಭು, ಒಡೆಯ ಎಂದೆಲ್ಲ ಸಿಗುತ್ತದೆ. ಅವರು ಡಿಕ್ಷನರಿಯ ಅರ್ಥಕ್ಕೆ ನಿಲ್ಲದೆ, ಆ ಮನುಷ್ಯ ನಮ್ಮ ಊರಿನಲ್ಲಿದ್ದರೆ ಯಾರಾಗಿರುತ್ತಿದ್ದ ಎಂದು ಹುಡುಕಿದಂತೆ ಕಾಣುತ್ತದೆ. ಮೂಲ ಗೊತ್ತಿಲ್ಲದೆ ಓದಿದರೆ ಇದು ನಮ್ಮ ಕರಾವಳಿಯದೇ ಕಥೆ ಎನಿಸುತ್ತದೆ.

ಇನ್ನೊಂದು, ನ್ಯೂಮನ್ ಬರೆದ ಪ್ರಾರ್ಥನೆ ‘ಲೀಡ್, ಕೈಂಡ್ಲಿ ಲೈಟ್’. ಇದರ ಕನ್ನಡ ರೂಪವನ್ನು ಶಾಲೆಗಳಲ್ಲಿ ಹಾಡಿಸುತ್ತಾರೆ, ಅದು ಅನುವಾದ ಎಂದು ಹಾಡುವ ಮಕ್ಕಳಿಗೆ ಗೊತ್ತೇ ಇರುವುದಿಲ್ಲ. ಇಲ್ಲಿ ವ್ಯಾಕರಣದ ಒಂದು ಅಂಶವಿದೆ. ‘ಲೈ’ ಅಥವಾ ‘ಲಿ’ ಎಂದು ಕೊನೆಯಾಗುವ ಪದವೆಲ್ಲ ಕ್ರಿಯಾವಿಶೇಷಣ ಎಂದು ನಾವು ಉರು ಹೊಡೆದಿರುತ್ತೇವೆ. ಕೈಂಡ್ಲಿ ಇಲ್ಲಿ ಕ್ರಿಯಾವಿಶೇಷಣವಲ್ಲ, ಬೆಳಕಿಗೆ ಸೇರಿದ ಗುಣವಾಚಕ. ಫ್ರೆಂಡ್ಲಿ, ಲವ್ಲಿ ಕೂಡ ಅದೇ ಜಾತಿಯವು, ತಪ್ಪು ಹುಡುಕುವ ಪ್ರಶ್ನೆಗಳಲ್ಲಿ ಬರುತ್ತಲೇ ಇರುತ್ತವೆ. ಕರುಣಾಳು ಎಂಬ ಅವರ ಒಂದು ಪದ ನೆನಪಿದ್ದರೆ ಆ ನಿಯಮ ಬೇರೆ ಕಲಿಯಬೇಕಿಲ್ಲ.

ಗೆಳೆಯರೇ, ನಾವು ನುಡಿಗಟ್ಟು ಕಲಿಯುವುದು ಹೇಗೆ? ಎಡಗಡೆ ಇಂಗ್ಲಿಷ್ ನುಡಿಗಟ್ಟು, ಬಲಗಡೆ ಅದರ ಇಂಗ್ಲಿಷ್ ಅರ್ಥ, ದಿನಕ್ಕೆ ಇಪ್ಪತ್ತು. ಎರಡೂ ಕಡೆ ಅಪರಿಚಿತರೇ. ಬಿ.ಎಂ.ಶ್ರೀ. ಅವರನ್ನು ಓದಿದ ಮೇಲೆ ನಾನೂ ನನ್ನ ಜೊತೆ ಬಸ್ಸಿನಲ್ಲಿ ಬರುವ ಇಬ್ಬರೂ ಬಲಗಡೆಯ ಕಾಲಂ ಬದಲಾಯಿಸಿದೆವು. ‘ಎ ಡ್ರಾಪ್ ಇನ್ ದಿ ಓಷನ್’ ಎದುರಿಗೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ನಮ್ಮ ದಾದಿ ಇದನ್ನೇ ಊಂಟ್ ಕೆ ಮುಹ್ ಮೇ ಜೀರಾ ಎನ್ನುತ್ತಾರೆ, ಒಂಟೆಯ ಬಾಯಿಗೆ ಜೀರಿಗೆ. ಕೆಲಸ ಬಾರದವನು ಹತಾರವನ್ನು ಬೈಯುತ್ತಾನೆ ಎಂಬ ಇಂಗ್ಲಿಷ್ ಗಾದೆಗೆ ಕನ್ನಡದಲ್ಲಿ ಕುಣಿಯಲಾರದವಳು ನೆಲ ಡೊಂಕು ಎಂದಳು. ಉರ್ದುವಿನಲ್ಲೂ ಅದೇ ಕುಣಿತ, ಅದೇ ಡೊಂಕು ಅಂಗಳ: ನಾಚ್ ನ ಜಾನೆ, ಆಂಗನ್ ಟೇಢಾ. ಉರ್ದು ಮನೆಯಿಂದ ಬಂದ ನಮಗೆ ಮೂರು ಭಾಷೆ ಹೊರೆ ಎಂದು ಕೆಲವರು ಅನುಕಂಪ ತೋರಿಸುತ್ತಾರೆ. ನುಡಿಗಟ್ಟಿನ ವಿಷಯದಲ್ಲಿ ಮಾತ್ರ ನಮಗೆ ಎರಡು ಖಾತೆಯಲ್ಲಿ ಜಮೆ ಇದೆ ಎಂದು ಈ ಕಾಮರ್ಸ್ ವಿದ್ಯಾರ್ಥಿಯ ಅಭಿಪ್ರಾಯ.

ತಪ್ಪು ಹುಡುಕುವುದಕ್ಕೂ ಇದು ಒದಗುತ್ತದೆ. ಡಿಸ್ಕಸ್ ಆದಮೇಲೆ ಅಬೌಟ್ ಹಾಕಬಾರದು ಎಂಬುದು ಎಲ್ಲ ಪುಸ್ತಕದಲ್ಲೂ ಇದೆ. ನಮ್ಮ ಬಾಯಲ್ಲಿ ಅದು ಏಕೆ ಬರುತ್ತದೆ? ಕನ್ನಡದಲ್ಲಿ ವಿಷಯದ ಬಗ್ಗೆ ಚರ್ಚಿಸುತ್ತೇವೆ, ಆ ‘ಬಗ್ಗೆ’ ಇಂಗ್ಲಿಷಿನೊಳಗೆ ನುಗ್ಗುತ್ತದೆ. ಎಲ್ಲಿಂದ ಬಂತು ಎಂದು ತಿಳಿದ ತಪ್ಪನ್ನು ಕಂಡುಹಿಡಿಯುವುದು ಸುಲಭ.

ಮತ್ತೆ ಅವರ ಜೀವನಕ್ಕೆ ಬರೋಣ. 1926ರಿಂದ 1930ರವರೆಗೆ ಅವರು ಮೈಸೂರು ವಿಶ್ವವಿದ್ಯಾಲಯದ ರಿಜಿಸ್ಟ್ರಾರ್. ಆ ಅವಧಿಯಲ್ಲೇ, 1927ರಲ್ಲಿ, ಅಲ್ಲಿ ಕನ್ನಡ ಎಂ.ಎ. ಶುರುವಾಯಿತು. ಅದಕ್ಕೆ ದುಡಿದವರಲ್ಲಿ ಇಂಗ್ಲಿಷ್ ಪ್ರೊಫೆಸರ್ ಮುಂದಿದ್ದರು ಎಂಬುದು ಸೋಜಿಗ. ಆ ತರಗತಿಯಲ್ಲಿ ಓದಿ ಬಂದವರಲ್ಲಿ ಕುವೆಂಪು ಒಬ್ಬರು. ನಮ್ಮ ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ತೀ.ನಂ. ಶ್ರೀಕಂಠಯ್ಯನವರೂ ಅವರ ಶಿಷ್ಯರೇ.

1928ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರಾಗಿ ಕರೆದರು. ಕಲಬುರಗಿ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಆಡಳಿತದ ಭಾಷೆ ಉರ್ದು. ಅದೇ ಸಂಸ್ಥಾನದಲ್ಲಿ 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಕಾಲೇಜು ಪಾಠಗಳನ್ನು ಉರ್ದುವಿನಲ್ಲಿ ಹೇಳುತ್ತಿತ್ತು. ಅದಕ್ಕೆ ಬೇಕಾದ ಇಂಗ್ಲಿಷ್ ಪುಸ್ತಕಗಳನ್ನು ಉರ್ದುವಿಗೆ ತರಲು ದಾರುಲ್ ತರ್ಜುಮಾ ಎಂಬ ಅನುವಾದ ವಿಭಾಗವೇ ಇತ್ತು. ಮೈಸೂರಿನಲ್ಲಿ ಕನ್ನಡಕ್ಕಾಗಿ ಒಬ್ಬ ಇಂಗ್ಲಿಷ್ ಮೇಷ್ಟ್ರು, ಹೈದರಾಬಾದಿನಲ್ಲಿ ಉರ್ದುವಿಗಾಗಿ ಒಂದು ವಿಭಾಗ, ಎರಡೂ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ. ಇದನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ಸಂತೋಷವಾಗುತ್ತದೆ.

ಗ್ರೀಕ್ ನಾಟಕಗಳಿಂದ ಅವರು ಮಾಡಿದ ‘ಅಶ್ವತ್ಥಾಮನ್’, ‘ಪಾರಸಿಕರು’ ಹೆಸರಾದವು. ಎರಡನೆಯದು ಯುದ್ಧದಲ್ಲಿ ಸೋತ ಇರಾನಿನ ಅರಮನೆಯ ದುಃಖದ ಕಥೆ. 1938ರಿಂದ 1942ರವರೆಗೆ ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ಊರೂರು ತಿರುಗಿ ಭಾಷಣ ಮಾಡಿದರು, ‘ಕನ್ನಡ ನುಡಿ’ ಪತ್ರಿಕೆ ಹೊರಡಿಸಿದರು. ಪರಿಷತ್ತು ನಡೆಸುವ ಕಾವ, ಜಾಣ, ರತ್ನ ಪರೀಕ್ಷೆಗಳ ಹಿಂದೆಯೂ ಅವರೇ. ಪರೀಕ್ಷೆಗೆ ಓದುವ ನಮಗೆ ಪರೀಕ್ಷೆ ಹೂಡಿದವರ ಮೇಲೆ ಸಾಮಾನ್ಯವಾಗಿ ಪ್ರೀತಿ ಇರುವುದಿಲ್ಲ. ಆದರೆ ಕಾಲೇಜು ಮೆಟ್ಟಿಲು ಹತ್ತದವರೂ ಕೂತು ಬರೆಯಬಹುದಾದ ಪರೀಕ್ಷೆಗಳಿವು.

ಹೆಂಡತಿ ಬೇಗ ತೀರಿಕೊಂಡಿದ್ದರು, ಅವರು ಮತ್ತೆ ಮದುವೆಯಾಗಲಿಲ್ಲ. ನಿವೃತ್ತಿಯ ನಂತರ ಧಾರವಾಡದ ಕಾಲೇಜೊಂದರ ಪ್ರಾಂಶುಪಾಲರಾಗಿ ಹೋದರು. 27ನೇ ವಯಸ್ಸಿನಲ್ಲಿ ಉಪನ್ಯಾಸ ಕೊಟ್ಟ ಅದೇ ಊರಿನಲ್ಲಿ, 62 ತುಂಬಿ ಎರಡೇ ದಿನಕ್ಕೆ, 1946ರ ಜನವರಿ 5ರಂದು ತೀರಿಕೊಂಡರು. ಮೈಸೂರು ವಿಶ್ವವಿದ್ಯಾಲಯದ ದೊಡ್ಡ ಇಂಗ್ಲಿಷ್-ಕನ್ನಡ ನಿಘಂಟು ಅಚ್ಚಾಗಿ ಬಂದದ್ದೂ ಅದೇ 1946ರಲ್ಲಿ.